ಮಣಿಕಟ್ಟಿನ ಮೇಲೆ ಎರಡು ಹನಿ

ಬೆಳಗಿನ ಐದು ಗಂಟೆ. ಹೊರವರ್ತುಲ ರಸ್ತೆಯ ಬಂಕಿನಲ್ಲಿ ಒಂದೇ ಒಂದು ಹಳದಿ ದೀಪ ಉರಿಯುತ್ತಿದೆ. ಅದರ ಕೆಳಗೆ ಟ್ಯಾಂಕರ್ ಲಾರಿಯೊಂದು ಈಗಷ್ಟೇ ಬಂದು ನಿಂತಿದೆ. ಎಂಜಿನ್ ಆರಿದ ಮೇಲೂ ಅದರ ಹೊಟ್ಟೆಯೊಳಗಿನಿಂದ ಟಿಕ್ ಟಿಕ್ ಎಂದು ಸಣ್ಣ ಸದ್ದು ಬರುತ್ತಿದೆ, ದೂರದಿಂದ ಬಂದ ಲೋಹ ತಣ್ಣಗಾಗುವ ಸದ್ದು. ನೆಲದಿಂದ ಮೊಣಕಾಲೆತ್ತರಕ್ಕೆ ಮಂಜು. ಆ ಮಂಜಿನೊಳಗಿಂದ ಎದ್ದು ಬಂದವರಂತೆ ಐವತ್ತೆರಡು ವರ್ಷದ ಹೆಂಗಸೊಬ್ಬರು ಲಾರಿಯ ಬೆನ್ನಿನ ಏಣಿ ಹತ್ತುತ್ತಾರೆ.

ಟ್ಯಾಂಕರಿನ ಒಳಗೆ ನಾಲ್ಕು ಕೋಣೆ, ಮೇಲೆ ನಾಲ್ಕು ಮುಚ್ಚಳ. ಮೊದಲನೆಯದನ್ನು ತಿರುಗಿಸಿ ತೆಗೆಯುತ್ತಾರೆ. ದಾರ ಕಟ್ಟಿದ ಪುಟ್ಟ ಬಟ್ಟಲೊಂದನ್ನು ಇಳಿಬಿಡುತ್ತಾರೆ. ಕಿಡಿ ಹಾರಬಾರದೆಂದು ಅದು ಹಿತ್ತಾಳೆಯದು. ಮೇಲೆ ಬಂದ ಬಟ್ಟಲಿನಿಂದ ಎಡಗೈ ಮಣಿಕಟ್ಟಿನ ಒಳಮೈಗೆ ಒಂದೇ ಒಂದು ಹನಿ. ನಾಡಿ ನೋಡುವವರಂತೆ ಆ ಕೈಯನ್ನು ಬೆಳಕಿಗೆ ಹಿಡಿದು ಎಣಿಸತೊಡಗುತ್ತಾರೆ. ಹತ್ತು ಮುಗಿಯುವುದರೊಳಗೆ ಹನಿ ಮಾಯ.

"ಹೋಯ್ತು," ಎನ್ನುತ್ತಾರೆ. ಎರಡನೆಯ ಕೋಣೆ. "ಹೋಯ್ತು." ಮೂರನೆಯ ಕೋಣೆಯ ಹನಿ ಹತ್ತಾದರೂ, ಇಪ್ಪತ್ತಾದರೂ ಮಿರುಗುತ್ತ ಅಲ್ಲೇ ಕೂತಿದೆ. "ಇದೆ." ನಾಲ್ಕನೆಯದೂ "ಇದೆ."

ಹೋದದ್ದು ಪೆಟ್ರೋಲ್. ಇರುವುದು ಡೀಸೆಲ್.

"ಏನಕ್ಕ, ಕೈ ನೋಡ್ಕೊಂಡು ಭವಿಷ್ಯ ಹೇಳ್ತಿದೀಯಾ?" ಕೆಳಗಿನಿಂದ ಟ್ಯಾಂಕರಿನ ಚಾಲಕ ಕೂಗುತ್ತಾನೆ. ಪೊದೆ ಮೀಸೆಯ ಆಸಾಮಿ. ಇಲ್ಲಿ ಅವನನ್ನು ಎಲ್ಲರೂ ಮೀಸೆ ಎಂದೇ ಕರೆಯುವುದು.

"ನಿಂದು ಹೇಳ್ಲಾ? ಇನ್ನೈದು ನಿಮಿಷದಲ್ಲಿ ನನ್ನ ಹತ್ರ ಬೈಸ್ಕೋತೀಯ. ಚಕ್ರಕ್ಕೆ ಅಡೆ ಇಟ್ಟಿಲ್ಲ."

ಮೀಸೆ ನಾಲಿಗೆ ಕಚ್ಚಿಕೊಂಡು ಮರದ ತುಂಡು ಹುಡುಕಲು ಓಡುತ್ತಾನೆ.

ಇವರನ್ನು ಈ ರಸ್ತೆಯ ಚಾಲಕರೆಲ್ಲ ಡಿಪ್ಪಕ್ಕ ಎನ್ನುತ್ತಾರೆ. ನೆಲದಡಿಯ ತೊಟ್ಟಿಗಳಲ್ಲಿ ಎಣ್ಣೆ ಎಷ್ಟಿದೆಯೆಂದು ಉದ್ದನೆಯ ಕೋಲು ಇಳಿಸಿ ನೋಡುವುದಕ್ಕೆ ಬಂಕಿನವರ ಭಾಷೆಯಲ್ಲಿ ಡಿಪ್ ಹಾಕುವುದು ಎಂದು ಹೆಸರು. ಹತ್ತೊಂಬತ್ತು ವರ್ಷಗಳಿಂದ ಇಲ್ಲಿ ಡಿಪ್ ಹಾಕುತ್ತಿರುವವರು ಇವರೊಬ್ಬರೇ. ನಾಲ್ಕು ತೊಟ್ಟಿ, ಮೂರು ಮೀಟರ್ ಕೋಲು. ದಿನ ಬಿಟ್ಟು ದಿನ ಬರುವ ಟ್ಯಾಂಕರಿನಲ್ಲಿ ಇಪ್ಪತ್ತು ಸಾವಿರ ಲೀಟರ್. ಅದರಲ್ಲಿ ಪೆಟ್ರೋಲ್ ಪೆಟ್ರೋಲಿನ ತೊಟ್ಟಿಗೇ, ಡೀಸೆಲ್ ಡೀಸೆಲಿನ ತೊಟ್ಟಿಗೇ ಇಳಿಯುವಂತೆ ನೋಡಿಕೊಳ್ಳುವುದೂ ಇವರದೇ ಹೊಣೆ. ದಿನಕ್ಕೆ ಆರುನೂರು ವಾಹನ ಇಲ್ಲಿ ಹೊಟ್ಟೆ ತುಂಬಿಸಿಕೊಂಡು ಹೋಗುತ್ತವೆ. ಆ ಆರುನೂರು ಜನರಲ್ಲಿ ಹೆಚ್ಚಿನವರಿಗೆ ಇವರ ಮುಖ ಗೊತ್ತಿಲ್ಲ. ಅವರೆಲ್ಲ ಬರುವ ಹೊತ್ತಿಗೆ ಇವರು ಸೋಪು ಹಚ್ಚಿ ಕೈ ತೊಳೆದು ಮನೆ ಸೇರಿರುತ್ತಾರೆ.

ನಾನು ಇಲ್ಲಿಗೆ ಬಂದದ್ದು ಪತ್ರಿಕೆಗೆ ಬರೆಯಲೆಂದು, ಒಂದು ಪ್ರಶ್ನೆ ಹಿಡಿದುಕೊಂಡು. ಡೀಸೆಲ್ಲಿಗೊಂದು ದರ, ಪೆಟ್ರೋಲಿಗೊಂದು ದರ ಯಾಕೆ? ಒಂದು ಕಾಲದಲ್ಲಿ ಪೆಟ್ರೋಲ್ ಮೇಲಿತ್ತು, ಈಗ ಕೆಲವು ತಿಂಗಳಿಂದ ಡೀಸೆಲ್ ಮೇಲೇರಿ ಕೂತಿದೆ. ಆ ಬಂಕಿನ ಡಿಪ್ಪಕ್ಕ ಇದನ್ನು ಕೈಮೇಲೆ ಇಟ್ಟು ತೋರಿಸುತ್ತಾರೆ ಎಂದು ಆಟೋ ಚಾಲಕರೊಬ್ಬರು ಹೇಳಿದ್ದರು. ಮಾತಿಗೆ ಹಾಗಂದರು ಎಂದುಕೊಂಡಿದ್ದೆ. ನಿಜವಾಗಿಯೂ ನನ್ನ ಕೈ ಹಿಡಿದೆಳೆದು ಒಂದೊಂದು ಹನಿ ಇಟ್ಟರು. ಒಂದು ಹನಿ ಮಂಜಿನಷ್ಟು ತಣ್ಣಗಿತ್ತು, ತಣ್ಣಗಿದೆ ಎಂದುಕೊಳ್ಳುವಷ್ಟರಲ್ಲಿ ಇರಲಿಲ್ಲ. ಇನ್ನೊಂದು ಅಲ್ಲೇ ಮನೆ ಮಾಡಿಕೊಂಡು ಕೂತಿತು.

"ಇಬ್ರೂ ಒಂದೇ ತಾಯಿ ಮಕ್ಕಳಮ್ಮ," ಎಂದು ಶುರು ಮಾಡುತ್ತಾರೆ. "ನೆಲದಿಂದ ಕಪ್ಪಗೆ ಕಚ್ಚಾ ಎಣ್ಣೆ ಬರುತ್ತಲ್ಲ, ಅದನ್ನ ಕಾಯಿಸ್ತಾರೆ. ಪೆಟ್ರೋಲ್ ಚುರುಕು. ಸ್ವಲ್ಪ ಬಿಸಿ ತಾಗಿದ್ರೆ ಸಾಕು, ಆವಿಯಾಗಿ ಕಾಯಿಸೋ ಗೋಪುರದ ತುದಿಗೇ ಹತ್ತುತ್ತೆ. ಡೀಸೆಲ್ ಭಾರ. ನಡುಮನೇಲೇ ನಿಂತುಬಿಡುತ್ತೆ. ನನಗೆ ಈ ಮಗು ಸಾಕು, ಆ ಮಗು ಬೇಡ ಅಂತ ತಾಯಿಗೆ ಹೇಳೋಕಾಗುತ್ತಾ? ಒಂದು ಪೀಪಾಯಿ ಕಾಯಿಸಿದ್ರೆ ಇಬ್ರೂ ಹುಟ್ಟಲೇಬೇಕು. ಅಳತೆ ಸ್ವಲ್ಪ ಹೆಚ್ಚುಕಮ್ಮಿ ಮಾಡ್ಬಹುದು, ಅಷ್ಟೇ. ಹಾಗಾಗಿ ಯಾರಿಗೆ ಕೂಗು ಜಾಸ್ತಿಯೋ ಅವರ ದರ ಮೇಲೆ."

"ಡೀಸೆಲಿಗೇ ಯಾಕೆ ಕೂಗು ಜಾಸ್ತಿ?"

"ಪೆಟ್ರೋಲ್ ತುಟ್ಟಿ ಆದ್ರೆ ಸ್ಕೂಟರ್ ಮನೇಲಿಟ್ಟು ನಡೀಬಹುದು. ಲಾರಿ ಏನ್ಮಾಡುತ್ತೆ? ಟ್ರ್ಯಾಕ್ಟರು, ಹಡಗು, ಆಸ್ಪತ್ರೆ ಜನರೇಟರು? ತರಕಾರಿ ತಾನಾಗೇ ನಡ್ಕೊಂಡು ಸಂತೆಗೆ ಬರುತ್ತಾ? ಜಗತ್ತೆಲ್ಲ ಹೊರೆ ಹೊರೋದು ಡೀಸೆಲ್ಲೇ. ಇನ್ನು ಚಳಿ ದೇಶದಲ್ಲಿ ಮನೆ ಬೆಚ್ಚಗಿಡೋಕೂ ಇದರ ತಮ್ಮನಂಥ ಎಣ್ಣೇನೇ ಉರಿಸ್ತಾರಂತೆ. ಅಲ್ಲೆಲ್ಲೋ ಅಜ್ಜಿ ಒಬ್ಬಳು ಕಂಬಳಿ ಎಳ್ಕೊಂಡ್ರೆ ಇಲ್ಲಿ ನನ್ನ ಬಂಕಲ್ಲಿ ದರ ಏರುತ್ತೆ, ನೋಡಿ. ಸಾಲದ್ದಕ್ಕೆ ಡೀಸೆಲಲ್ಲಿರೋ ಗಂಧಕ ತೆಗೆದು ಶುದ್ಧ ಮಾಡೋ ಖರ್ಚು ಬೇರೆ."

ತೆರಿಗೆಯ ವಿಷಯವನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ, ಸೊಗಸಾದ ಭಾಗವನ್ನು ಉಳಿಸಿಟ್ಟುಕೊಳ್ಳುವ ಕಥೆಗಾರರ ಹಾಗೆ. ದರದಲ್ಲಿ ದೊಡ್ಡ ಪಾಲು ಅದೇ. ಸಾಮಾನು ಸಾಗಣೆ ಅಗ್ಗವಾಗಿರಲಿ ಎಂದು ಕೆಲವು ಸರಕಾರಗಳು ಡೀಸೆಲ್ಲಿನ ಮೇಲೆ ಕಡಿಮೆ ತೆರಿಗೆ ಹಾಕುತ್ತವೆ. ಭಾರದ ಗಾಡಿಗಳು ರಸ್ತೆ ಸವೆಸುತ್ತವೆಂದು ಕೆಲವು ಹೆಚ್ಚು ಹಾಕುತ್ತವೆ. "ಎರಡೂ ಸರಿ ಅನ್ಸುತ್ತೆ ಅಲ್ವಾ? ಅದಕ್ಕೇ ಈ ಜಗಳ ಮುಗಿಯಲ್ಲ. ಆದ್ರೂ ಒಂದು ನ್ಯಾಯ ಹೇಳ್ಬೇಕು. ಒಂದು ಲೀಟರ್ ಡೀಸೆಲ್ ಒಂದು ಲೀಟರ್ ಪೆಟ್ರೋಲಿಗಿಂತ ದೂರ ಕರ್ಕೊಂಡು ಹೋಗುತ್ತೆ. ಭಾರ ಇದೆ ಅಂದ್ನಲ್ಲ, ಅದರೊಳಗೆ ಕಸುವೂ ಇದೆ."

ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದರೆ ನಗುತ್ತಾರೆ. ಓದಿದ್ದು ಏಳನೇ ತರಗತಿ. ಕಾಲೇಜಿನ ರಸಾಯನಶಾಸ್ತ್ರದ ಮೇಷ್ಟ್ರೊಬ್ಬರು ಹಿಂದೆಲ್ಲ ಬೆಳ್ಳಂಬೆಳಿಗ್ಗೆ ಸ್ಕೂಟರಿಗೆ ಪೆಟ್ರೋಲ್ ಹಾಕಿಸಲು ಬರುತ್ತಿದ್ದರಂತೆ. ದಿನಕ್ಕೊಂದು ಪ್ರಶ್ನೆ ಇವರು ಕೇಳುವುದು, ಸ್ಕೂಟರ್ ಒದ್ದು ಚಾಲೂ ಮಾಡುವುದರೊಳಗೆ ಅವರು ಉತ್ತರ ಹೇಳುವುದು. "ಅವರ ಸ್ಕೂಟರ್ ಹಳೇದು, ಒಂದೇ ಒದೆಗೆ ಹೊರಡ್ತಿರ್ಲಿಲ್ಲ. ಅದು ಹೊಸದಾಗಿದ್ದಿದ್ರೆ ನಾನು ಇಷ್ಟು ಕಲೀತಾನೇ ಇರ್ಲಿಲ್ಲ."

ಮಾತಾಡುತ್ತಿರುವಾಗಲೇ ಬಂಕಿನ ಯಜಮಾನರು ನಡೆಯುತ್ತ ಬರುತ್ತಾರೆ. ನಲವತ್ತೈದರ ಆಸುಪಾಸು, ಕುತ್ತಿಗೆಗೆ ಮಫ್ಲರ್, ಕೈ ಬೆನ್ನ ಹಿಂದೆ. ಟ್ಯಾಂಕರಿನ ಸುತ್ತ ಎರಡು ಸುತ್ತು ಹಾಕುತ್ತಾರೆ, ಒಂದೊಂದು ಮುಚ್ಚಳದ ನೇರಕ್ಕೆ ಬಂದಾಗಲೂ ಅರೆಗಳಿಗೆ ನಿಂತು ಆಕಾಶ ನೋಡುತ್ತಾರೆ, ಆಮೇಲೆ ಕಚೇರಿಯ ಕಡೆ ಹೋಗುತ್ತಾರೆ.

"ವಾಕಿಂಗ್ ಹುಚ್ಚು," ಎಂದು ಡಿಪ್ಪಕ್ಕ ಪಿಸುಗುಟ್ಟುತ್ತಾರೆ. "ಡಾಕ್ಟ್ರು ಹೇಳಿದಾರಂತೆ. ಊರಲ್ಲಿ ಅಷ್ಟೊಂದು ಪಾರ್ಕ್ ಇದೆ, ಇವರಿಗೆ ಈ ಟ್ಯಾಂಕರೇ ಆಗ್ಬೇಕು."

ಕಚೇರಿಯ ಗೋಡೆಯಲ್ಲಿ ತಗಡಿನ ಫಲಕವೊಂದಿದೆ. ಎಣ್ಣೆ ಇಳಿಸಿಕೊಳ್ಳುವ ಮೊದಲು ಮಾಡಬೇಕಾದ ಮೂರು ಕೆಲಸ ಅದರ ಮೇಲಿವೆ: ನೋಡಿ, ಮೂಸಿ, ಅಳೆಯಿರಿ. ಕೆಳಗೆ ಮೇಜಿನ ಮೇಲೆ ದಪ್ಪ ರಿಜಿಸ್ಟರು. ಒಂದೊಂದು ಕೆಲಸಕ್ಕೆ ಒಂದೊಂದು ಮನೆ, ಮಾಡಿದ ಮೇಲೆ ಸರಿ ಗುರುತು ಹಾಕಿ ಸಹಿ ಮಾಡಬೇಕು. ಡಿಪ್ಪಕ್ಕ ಬರೆಯುವಾಗ ಮೈಯನ್ನು ಸ್ವಲ್ಪ ಅಡ್ಡ ತಿರುಗಿಸಿದರು. ನಾನು ಅದನ್ನು ನಾಚಿಕೆ ಎಂದುಕೊಂಡೆ.

ಅವರ ಮನೆ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮಹಡಿ. ಒಂದು ಕೋಣೆ, ಒಂದು ಅಡುಗೆಮನೆ, ಕಿಟಕಿಗೆ ನೀಲಿ ಪರದೆ. ಪರದೆಯೊಳಗಿಂದ ಬರುವ ಬೆಳಕಿಗೆ ಕೋಣೆ ನೀರಿನಡಿ ಇರುವಂತೆ ಕಾಣುತ್ತದೆ. ಗಂಡ ಮೂವತ್ತೊಂದು ವರ್ಷ ಊರಿನ ಬಸ್ಸು ಓಡಿಸಿ ಏಳು ತಿಂಗಳ ಹಿಂದೆ ನಿವೃತ್ತರಾದವರು. ಮೊಣಕಾಲು ನೋವು. ಮಗಳು ಬೇರೆ ಊರಿನಲ್ಲಿ ನರ್ಸಿಂಗ್ ಓದುತ್ತಿದ್ದಾಳೆ, ಓದು ಮುಗಿಯಲು ಇನ್ನೂ ಒಂದೂವರೆ ವರ್ಷವಿದೆ. ಅಲ್ಲಿಯವರೆಗೆ ಮನೆಗೆ ಡಿಪ್ಪಕ್ಕನ ಈ ಮುಂಜಾನೆಗಳೇ ಆಸರೆ.

ಟೀ ಮಾಡಿದ್ದು ಗಂಡ. ಒಲೆಯ ಪಕ್ಕದಿಂದ ಅಲ್ಲಾಡದೆ, ಹಾಲು ಉಕ್ಕುವ ಗಳಿಗೆಗೆ ಸರಿಯಾಗಿ ಉರಿ ತಗ್ಗಿಸಿ, ಸೋಸಿ ತಂದು ಕೊಡುತ್ತಾರೆ. ಬಾಗಿಲ ಹಿಂದಿನ ಮೊಳೆಯಲ್ಲಿ ಖಾಕಿ ಅಂಗಿಯೊಂದು ತೂಗುತ್ತಿದೆ, ಕಾಲರು ಕಪ್ಪಗಾಗಿದೆ.

"ನನ್ನ ಕೊನೇ ಡ್ಯೂಟಿ ಅಂಗಿ ಅದು," ಎನ್ನುತ್ತಾರೆ ಅವರು. "ಏಳು ತಿಂಗಳಾಯ್ತು. ಇವಳಿಗೆ ಒಗೆಯೋಕೆ ಒಳ್ಳೇ ದಿನ ಸಿಗ್ತಿಲ್ಲ."

"ನಿಮಗ್ಯಾಕೆ? ಅದು ನಿಮ್ಮ ತಲೆ ಮೇಲೆ ಕೂತಿದೆಯಾ?"

"ಬಂದೋರು ಏನಂದ್ಕೋತಾರೆ ಅಂತ."

"ಗಂಡ ದುಡಿದಿದ್ದ ಅಂದ್ಕೋತಾರೆ. ಟೀ ಕುಡೀರಿ."

ಬೀಳ್ಕೊಡಲು ಬಂದ ಡಿಪ್ಪಕ್ಕ ಮೆಟ್ಟಿಲ ಮೇಲೆ ನಿಂತುಬಿಟ್ಟರು. ಕೆಳಗೆ ಅಂಗಡಿಯಲ್ಲಿ ಯಾರೋ ಸೈಕಲ್ ಚಕ್ರ ತಿರುಗಿಸಿ ನೋಡುತ್ತಿದ್ದರು. ಅದು ನಿಲ್ಲುವವರೆಗೂ ಕಾದು ಹೇಳಿದರು.

"ಅಮ್ಮಾ, ಒಂದು ಮಾತು. ಬರೀಬೇಡಿ. ನನಗೆ ಮೂಗಿಲ್ಲ."

ಎಂಟು ತಿಂಗಳ ಹಿಂದೆ ಒಂದು ವಾರ ಜ್ವರ ಬಂದಿತ್ತಂತೆ. ಬಿಟ್ಟ ಮರುದಿನವೇ ಕೆಲಸಕ್ಕೆ ಹೋಗಿ ಟ್ಯಾಂಕರಿನ ಮೊದಲ ಮುಚ್ಚಳ ತೆಗೆದರು. ಏನೂ ಇಲ್ಲ. ಮುಖಕ್ಕೆ ಹೊಡೆಯಬೇಕಾಗಿದ್ದ ಘಾಟು ಇಲ್ಲ. "ಖಾಲಿ ಕೋಣೆ ತಂದಿದೀಯಲ್ಲೋ ಅಂತ ಮೀಸೆಗೆ ಬೈದೆ. ಅವನು ತಮಾಷೆ ಅಂದ್ಕೊಂಡು ನಕ್ಕ. ಬಟ್ಟಲು ಇಳಿಸಿದ್ರೆ ತುಂಬಿ ಬಂತು. ಅದು ಕೈಮೇಲೆ ಚೆಲ್ತು. ತಣ್ಣಗೆ ಅನ್ಸಿ ಮಾಯ ಆಯ್ತು. ಆಗ ಗೊತ್ತಾಯ್ತು, ಖಾಲಿ ಆಗಿರೋದು ಕೋಣೆ ಅಲ್ಲ, ನಾನು."

ಡಾಕ್ಟರು ಕಾಯಿರಿ ಎಂದಿದ್ದಾರೆ. ಬರಬಹುದು, ಬರದೆಯೂ ಇರಬಹುದು. ಮೂಸಲಾರದವರು ಎಣ್ಣೆ ಇಳಿಸಿಕೊಳ್ಳುವಂತಿಲ್ಲ, ಫಲಕದಲ್ಲೇ ಹಾಗಿದೆಯಲ್ಲ. ಹೇಳಿದರೆ ಈ ಕೆಲಸ ಹೋಗುತ್ತದೆ. ಹಗಲು ಪಾಳಿಯಲ್ಲಿ ಎಂಟು ಗಂಟೆ ನಿಂತು ಪಂಪು ಹಿಡಿಯಲು ಸೊಂಟ ಒಪ್ಪುವುದಿಲ್ಲ. ಹೇಳದೆ ಇದ್ದರೆ?

"ಹೇಳದೆ ಇದ್ದು ಒಂದಿನ ತಪ್ಪಾದ್ರೆ? ಡೀಸೆಲ್ ಕುಡಿದ ಪೆಟ್ರೋಲ್ ಗಾಡಿ ದಾರೀಲಿ ನಿಂತುಬಿಡುತ್ತೆ. ಅದರಲ್ಲಿ ಹೆರಿಗೆಗೆ ಹೋಗ್ತಿರೋ ಹುಡುಗಿ ಇದ್ರೆ? ಅದಕ್ಕೇ ಪ್ರತಿ ಕೋಣೆದೂ ಕೈಮೇಲೆ ಹಾಕ್ಕೊಂಡು ನೋಡೋದು. ಮೊದ್ಲೆಲ್ಲ ಯಾರಾದ್ರೂ ಕೇಳಿದ್ರೆ ತೋರ್ಸೋಕೆ ಮಾಡ್ತಿದ್ದೆ, ಆಟದ ಹಾಗೆ. ಈಗ ಅದೇ ನನ್ನ ಮೂಗು."

ರಿಜಿಸ್ಟರಿನ ಎರಡನೆಯ ಮನೆಯಲ್ಲಿ ಎಂಟು ತಿಂಗಳಿಂದ ಅವರು ಸರಿ ಗುರುತು ಹಾಕಿಲ್ಲವಂತೆ. ಸಣ್ಣದೊಂದು ಚುಕ್ಕೆ ಇಡುತ್ತಾರೆ. "ಮೂಸಿದೆ ಅಂತ ಸುಳ್ಳು ಗುರುತು ಹಾಕೋಕೆ ಕೈ ಬರಲ್ಲ. ಖಾಲಿ ಬಿಡೋಕೆ ಧೈರ್ಯ ಇಲ್ಲ. ಚುಕ್ಕೆ ಆದ್ರೆ ಪೆನ್ನು ತಾಗ್ತೇನೋ ಅನ್ಬಹುದು."

"ಮನೆಯಲ್ಲಿ ಗೊತ್ತೇ?"

"ನಾನು ಹೇಳಿಲ್ಲ. ಒಂದಿನ ಹಾಲು ಸೀದು ಅಡುಗೆಮನೆಯೆಲ್ಲ ಹೊಗೆ ಆಗಿತ್ತಂತೆ, ನಾನು ಈ ಕಡೆ ತಿರುಗಿ ಬಟ್ಟೆ ಮಡಚ್ತಿದ್ದೆ. ಅವರು ಬಂದು ಒಲೆ ಆರಿಸಿದ್ರು. ಏನೂ ಕೇಳ್ಲಿಲ್ಲ. ಅವತ್ತಿಂದ ಒಲೆ ಹತ್ರ ಅವರೇ ನಿಂತ್ಕೋತಾರೆ. ಮೊಣಕಾಲು ನೋವಿದೆ, ಕೂತ್ಕೊಳ್ರೀ ಅಂದ್ರೆ, ಬಸ್ಸಲ್ಲಿ ಕೂತು ಕೂತು ಸಾಕಾಯ್ತು ಕಣೇ ಅಂತಾರೆ."

ಬರೆಯುವುದಿಲ್ಲ ಎಂದು ಮಾತು ಕೊಟ್ಟೆ. ಮೂಗಿನ ಮಾತಿಲ್ಲದೆ ಈ ಮಣಿಕಟ್ಟಿನ ಮಾತು ಬರೆಯಲಾಗದು ಎಂಬುದು ಇಬ್ಬರಿಗೂ ಗೊತ್ತಿತ್ತು.

ಆರು ದಿನಗಳ ನಂತರ ಮತ್ತೆ ಅದೇ ಹಳದಿ ದೀಪ, ಅದೇ ಮಂಜು. ಅದೇ ಮೀಸೆ, ಇವತ್ತು ಚಕ್ರಕ್ಕೆ ಮೊದಲೇ ಅಡೆ ಇಟ್ಟು ಹೆಮ್ಮೆಯಿಂದ ನಿಂತಿದ್ದಾನೆ. ಯಜಮಾನರೂ ಬಂದಿದ್ದಾರೆ. ನೆಗಡಿಯಾಗಿ ಮೂಗು ಕೆಂಪಗಾಗಿದೆ, ಮಫ್ಲರ್ ಕಿವಿಯವರೆಗೂ ಏರಿದೆ. ಸೀನುತ್ತಲೇ ಟ್ಯಾಂಕರಿನ ಸುತ್ತ ನಡೆಯುತ್ತಿದ್ದಾರೆ. ಟ್ಯಾಂಕರ್ ತುಂಬಿಸುವ ಡಿಪೋದಿಂದ ಬಂದ ಚೀಟಿಯಲ್ಲಿ ಎಂದಿನಂತೆಯೇ ಇದೆ: ಮೊದಲೆರಡು ಕೋಣೆ ಪೆಟ್ರೋಲ್, ಕೊನೆಯ ಎರಡು ಡೀಸೆಲ್.

ಡಿಪ್ಪಕ್ಕ ಮೊದಲ ಮುಚ್ಚಳ ತೆಗೆದು ಮಣಿಕಟ್ಟಿಗೆ ಹನಿ ಹಾಕಿಕೊಳ್ಳುತ್ತಾರೆ. ಹತ್ತು ಎಣಿಸುತ್ತಾರೆ. ಕೈ ಬೆಳಕಿಗೆ ಹಿಡಿಯುತ್ತಾರೆ. ಇನ್ನೂ ಹತ್ತು ಎಣಿಸುತ್ತಾರೆ. ಕೆಳಗೆ ಮೀಸೆ ಆಗಲೇ ಪೈಪು ಎಳೆದು ಪೆಟ್ರೋಲ್ ತೊಟ್ಟಿಯ ಬಾಯಿಗೆ ಜೋಡಿಸುತ್ತಿದ್ದಾನೆ.

"ಇದೆ," ಎನ್ನುತ್ತಾರೆ. ದನಿ ಬೇರೆಯಾಗಿದೆ. "ಮೀಸೆ, ಪೈಪು ಬಿಡು. ಇದೆ."

"ಏನಿದೆ?"

"ಡೀಸೆಲ್ ಇದೆ, ಒಂದನೇ ಕೋಣೇಲಿ."

"ಅಕ್ಕೋ, ಚೀಟಿ ನೋಡು. ಪೆಟ್ರೋಲು. ಬೆಳಿಗ್ಗೆ ಬೆಳಿಗ್ಗೆ ಚಳಿಗೆ ನಿನ್ನ ಕೈ ಮರಗಟ್ಟಿರ್ಬೇಕು."

"ನನ್ನ ಕೈ ಮರಗಟ್ಟಿದ್ರೆ ನಿನ್ನ ಕೆನ್ನೆ ಮೇಲೆ ಹಾಕಿ ತೋರಿಸ್ತೀನಿ, ಬಾ ಮೇಲೆ."

ಗಾಜಿನ ಜಾಡಿ ತರಿಸಿದರು. ಅದರಲ್ಲಿ ಎಣ್ಣೆ ತುಂಬಿ ಗಾಜಿನ ಕಡ್ಡಿಯೊಂದನ್ನು ತೇಲಿಬಿಡುತ್ತಾರೆ. ಪೆಟ್ರೋಲಿನಲ್ಲಿ ಅದು ಆಳಕ್ಕೆ ಮುಳುಗುತ್ತದೆ, ಡೀಸೆಲಿನಲ್ಲಿ ತಲೆ ಎತ್ತಿ ನಿಲ್ಲುತ್ತದೆ. ನಿಯಮದಂತೆ ಒಂದೊಂದು ಬಗೆಗೆ ಒಂದೇ ಜಾಡಿ, ಅದನ್ನು ತೆಗೆಯುವುದು ನಡುವಿನ ಎರಡು, ಮೂರನೆಯ ಕೋಣೆಗಳಿಂದ. ಇವತ್ತು ಒಂದನೆಯ ಕೋಣೆಯದೇ ಜಾಡಿ. ಕಡ್ಡಿ ತಲೆ ಎತ್ತಿ ನಿಂತಿತು. ನಾಲ್ಕನೆಯ ಕೋಣೆಯದರಲ್ಲಿ ಮುಳುಗಿತು. ತುಂಬಿಸುವಾಗ ಡಿಪೋದಲ್ಲಿ ಒಂದಕ್ಕೂ ನಾಲ್ಕಕ್ಕೂ ಅದಲುಬದಲಾಗಿದೆ. ನಿಯಮದಂತೆ ನಡೆದಿದ್ದರೆ ಎರಡು ಜಾಡಿಯೂ ಸರಿಯಾಗಿಯೇ ಇರುತ್ತಿದ್ದವು, ಎರಡು ತೊಟ್ಟಿಯೂ ಕೆಡುತ್ತಿದ್ದವು.

ಮೀಸೆ ಅಡೆಯ ಮರದ ತುಂಡಿನ ಮೇಲೆಯೇ ಕುಸಿದು ಕೂತ. "ನನಗೂ ವಾಸ್ನೆ ಗೊತ್ತಾಗ್ಲಿಲ್ವಲ್ಲಕ್ಕ."

"ದಿನವಿಡೀ ಅದರೊಳಗೇ ಇರೋನಿಗೆ ಎಲ್ಲಿಂದ ಗೊತ್ತಾಗುತ್ತೆ? ಏಳು, ನೀರು ಕುಡಿ."

ಯಜಮಾನರು ಜಾಡಿಯನ್ನೇ ನೋಡುತ್ತ ನಿಂತಿದ್ದರು. ಡಿಪ್ಪಕ್ಕ ಏಣಿ ಇಳಿದು, ಕೈ ಸೆರಗಿಗೆ ಒರೆಸಿಕೊಂಡು, ಅವರ ಎದುರಿಗೆ ಬಂದರು. ನನ್ನ ಕಡೆ ಒಮ್ಮೆ ನೋಡಿದರು.

"ಯಜಮಾನ್ರೆ, ನಾನೊಂದು ಹೇಳ್ಬೇಕು. ಇದನ್ನ ನಾನು ಮೂಸಿ ಹಿಡಿದಿದ್ದಲ್ಲ. ನನಗೆ ವಾಸ್ನೆ ಹೋಗಿ ಎಂಟು ತಿಂಗಳಾಯ್ತು. ಮುಚ್ಚಿಟ್ಟಿದ್ದೆ. ತಪ್ಪಾಯ್ತು. ನೀವು ಏನು ಮಾಡಿದ್ರೂ ಸರಿ."

"ಗೊತ್ತಕ್ಕ," ಎಂದರು ಯಜಮಾನರು. ಕಟ್ಟಿದ ಮೂಗಿನಿಂದ ಅದು ಬೇರೇನೋ ಮಾತಿನಂತೆ ಕೇಳಿಸಿತು. "ಎಂಟು ತಿಂಗಳಿಂದ ಗೊತ್ತು. ಹತ್ತೊಂಬತ್ತು ವರ್ಷ ಸರಿ ಗುರುತು ಹಾಕಿದ ಕೈ ಒಂದಿನ ಚುಕ್ಕೆ ಇಟ್ರೆ ಕಣ್ಣಿಗೆ ಬೀಳಲ್ವಾ? ನೀವಾಗೇ ಹೇಳ್ಲಿ ಅಂತ ಕಾದೆ. ನಿಮಗೆ ಬಾರದ್ದನ್ನ ನಾನು ಮೂಸಿ ನೋಡೋಣ ಅಂತ ಟ್ಯಾಂಕರ್ ಬಂದಾಗೆಲ್ಲ ಬರ್ತಿದ್ದೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಕೆಳಗೆ ನಿಂತ್ರೂ ಗೊತ್ತಾಗುತ್ತೆ."

ಡಿಪ್ಪಕ್ಕ ಕೇಳಿದರು, "ಮತ್ತೆ ವಾಕಿಂಗು?"

"ನಡೆಯೋಕೆ ಊರಲ್ಲಿ ಪಾರ್ಕ್ ಇಲ್ವಾ?" ಎಂದು ಅವರು ಸೀನಿದರು. "ಇವತ್ತು ನೋಡಿ, ನನಗೂ ಮೂಗಿಲ್ಲ. ಮೂರು ಸುತ್ತು ಹಾಕಿದೆ, ಏನೂ ತಿಳೀಲಿಲ್ಲ. ನಿಮ್ಮ ಕೈ ಒಂದೇ ಉಳಿದಿತ್ತು."

ಮಂಜು ತೆಳುವಾಗುತ್ತ ರಸ್ತೆ ಸ್ವಲ್ಪ ಸ್ವಲ್ಪವೇ ಕಾಣತೊಡಗಿತು. ದಿನದ ಮೊದಲ ಆಟೋ ಬಂತು. ಟ್ಯಾಂಕರ್ ನಿಂತಿದ್ದು ಕಂಡು ಚಾಲಕ ಎಂಜಿನ್ ಆರಿಸಿ, ಇಳಿದು, ಗಾಡಿಯನ್ನು ತಳ್ಳಿಕೊಂಡೇ ಒಳಗೆ ಬಂದ. ಅವನಿಗೆ ಯಾರೂ ಹಾಗೆ ಮಾಡು ಎಂದಿರಲಿಲ್ಲ.

ಮೀಸೆಯ ಲಾರಿ ಎಣ್ಣೆ ಇಳಿಸದೆ ಡಿಪೋಗೆ ಹಿಂದಿರುಗಿತು. ಯಜಮಾನರು ಕಚೇರಿಯೊಳಗೆ ಹೋಗಿ ಕುರ್ಚಿ ಹತ್ತಿ, ಸೀಮೆಸುಣ್ಣದಿಂದ ಫಲಕದ ಮೇಲೆ ಏನೋ ಗೀಚಿದರು. ಈಗ ಅಲ್ಲಿ ನಾಲ್ಕು ಮಾತುಗಳಿವೆ: ನೋಡಿ, ಮೂಸಿ, ಮುಟ್ಟಿ, ಅಳೆಯಿರಿ. ಕಂಪನಿಗೆ ಪತ್ರ ಬರೆಯುತ್ತಾರಂತೆ. ಪ್ರತಿ ಕೋಣೆಯನ್ನೂ ಹೀಗೆ ಪರೀಕ್ಷಿಸುವುದು ನಿಯಮವಾಗಲಿ, ಮೂಸುವುದು ಇನ್ನೊಬ್ಬರು ಮಾಡಿದರೂ ನಡೆಯಲಿ ಎಂದು. ಉತ್ತರ ಬರುವವರೆಗೆ ಮೂಸುವ ಕೆಲಸ ಯಜಮಾನರದು, ಬಹಿರಂಗವಾಗಿ. ಮುಟ್ಟುವುದು ಡಿಪ್ಪಕ್ಕನದು. "ನೆಗಡಿ ಆದ್ರೆ ರಜ ಹಾಕ್ಬೇಕು ನೀವು," ಎಂದು ಡಿಪ್ಪಕ್ಕ ಆಗಲೇ ತಾಕೀತು ಮಾಡಿಯಾಗಿದೆ. ಪತ್ರದ ಉತ್ತರ ಏನು ಬರುವುದೋ ಇಬ್ಬರಿಗೂ ಗೊತ್ತಿಲ್ಲ.

ರಿಜಿಸ್ಟರಿನಲ್ಲಿ ಡಿಪ್ಪಕ್ಕ ಕೈಯಿಂದಲೇ ಗೆರೆ ಎಳೆದು ಹೊಸದೊಂದು ಮನೆ ಮಾಡುತ್ತಾರೆ. ಮೇಲೆ "ಮುಟ್ಟಿ" ಎಂದು ಬರೆಯುತ್ತಾರೆ. ಅದರೊಳಗೆ ಸರಿ ಗುರುತು, ಸ್ವಲ್ಪ ದೊಡ್ಡದಾಗಿಯೇ. ಈ ಸಲ ಮೈ ಅಡ್ಡ ತಿರುಗಿಸುವುದಿಲ್ಲ.

"ಬರೀರಿ," ಎನ್ನುತ್ತಾರೆ ನನಗೆ. "ಈಗ ಬರೀಬಹುದು."

ಬಂಕಿನ ಬಚ್ಚಲಿನ ಕಟ್ಟೆಯ ಮೇಲೆ ಹೊಸ ಸೋಪು ಇದೆ. ಹಳೆಯದು ಸವೆದು ಚೂರಾಗುವ ಮೊದಲೇ ಯಾರೋ ತಂದಿಡುತ್ತಾರೆ, ಯಾರೆಂದು ಡಿಪ್ಪಕ್ಕ ಇಷ್ಟು ವರ್ಷ ಯೋಚಿಸಿರಲಿಲ್ಲವಂತೆ. ಕೈ ತೊಳೆಯುತ್ತ ನಿಂತವರನ್ನು, ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ನಲ್ಲಿಯ ನೀರು ಮಣಿಕಟ್ಟಿನ ಮೇಲೆ ಬಣ್ಣಬಣ್ಣದ ಸಣ್ಣ ಉಂಗುರ ಬಿಡಿಸಿಕೊಂಡು ಹರಿಯುತ್ತಿದೆ.

"ದೊಡ್ಡದೇನಿಲ್ಲಮ್ಮ. ಮೂಗು ಬಂದ್ರೆ ಮೊದಲು ಮನೆಗೆ ಓಡ್ತೀನಿ. ಬಾಗಿಲ ಹಿಂದಿನ ಆ ಖಾಕಿ ಅಂಗಿ ಇದೆಯಲ್ಲ, ಅದನ್ನ ಒಂದ್ಸಲ ಮುಖಕ್ಕೆ ಒತ್ಕೋಬೇಕು. ಮೂವತ್ತು ವರ್ಷ ಸಂಜೆ ಬಾಗಿಲು ತೆಗೆದಾಗ ಆ ಡೀಸೆಲ್ ವಾಸ್ನೆ ಮೊದ್ಲು ಒಳಗೆ ಬರ್ತಿತ್ತು, ಆಮೇಲೆ ಅವರು. ಕೊನೇ ದಿನ ಅವರು ಬಂದಾಗ ನನಗೆ ಗೊತ್ತೇ ಆಗ್ಲಿಲ್ಲ. ಒಂದ್ಸಲ ಮೂಸಿ ಆಮೇಲೆ ಒಗೆದು ಹಾಕ್ತೀನಿ."

ಅಷ್ಟು ದಿನ ವಾಸನೆ ಉಳಿದೀತೇ ಎಂದೆ.

ಅವರು ನಲ್ಲಿ ನಿಲ್ಲಿಸಿ, ಏನೂ ತಿಳಿಯದವರನ್ನು ನೋಡುವ ಹಾಗೆ ನನ್ನನ್ನು ನೋಡುತ್ತಾರೆ.

"ಪೆಟ್ರೋಲಾಗಿದ್ರೆ ಹೋಗಿರ್ತಿತ್ತು. ಡೀಸೆಲ್ ಅಲ್ವಾ ಅಮ್ಮ, ಇದೆ."